ಐದನೇ ಜೇಬು

ಜೀನ್ಸ್ ಪ್ಯಾಂಟಿಗೆ ಜೇಬು ಎಷ್ಟು ಅಂದರೆ
ಎಲ್ಲರೂ ನಾಲ್ಕು ಅಂತಾರೆ.
ಬಲಗಡೆ ಜೇಬಿನ ಬಾಯಲ್ಲೇ ಒಂದು ಮರಿ ಜೇಬು ಐತೆ,
ಎರಡು ಬೆರಳು ಹೋದರೆ ಮೂರನೇದು ಹೋಗಲ್ಲ.
ಬಳ್ಳಾರಿ ಕೌಲ್ ಬಜಾರಿನ ತಗಡಿನ ಶೆಡ್ಡಿನಲ್ಲಿ
ಹದಿನೇಳು ವರ್ಷ ನಾನು ಹೊಲಿದದ್ದು ಅದೊಂದನ್ನೇ.
ಡಜನ್ನಿಗೆ ಇಷ್ಟು ಅಂತ ಕೂಲಿ.
ಉಗುರು ಸಂದಿಯ ನೀಲಿಯನ್ನು
ಮದುವೆಯ ಮೆಹಂದಿಯೂ ಮುಚ್ಚಲಿಲ್ಲ.

ಈಗ ನನ್ನದೇ ನಾಲ್ಕು ಮಷಿನ್ನು.
ಮೂರು, ರೊಕ್ಕ ಎಣಿಸಿ ತಂದದ್ದು.
ನಾಲ್ಕನೇದು ಕಾರ್ಡು ಉಜ್ಜಿ ತಂದದ್ದು.

ಆಗ ಬಂತು ಆ ಲಕೋಟೆ.
ಒಳಗೆ ಹೊಳೆಯೋ ಕಾಗದ, ಲಗ್ನಪತ್ರಿಕೆಗಿಂತ ದಪ್ಪ.
ರೇಷನ್ ಕಾರ್ಡಿನಲ್ಲಿ ನಾನು ಒನ್ನೂರಬಿ,
ವೋಟರ್ ಲಿಸ್ಟಿನಲ್ಲಿ ಹೊನ್ನೂರಪ್ಪ, ವಯಸ್ಸು ಮೂವತ್ತೊಂಬತ್ತು, ಗಂಡು.
ಇದರಲ್ಲಿ ಮಾತ್ರ
ಶ್ರೀಮತಿ ಹೊನ್ನೂರಬೀ,
ಒಂದಕ್ಷರ ತಪ್ಪಿಲ್ಲ.
'ನಮ್ಮ ಹಳೆಯ ಗ್ರಾಹಕರಾದ ನಿಮಗೆ ಮಾತ್ರ.'
ಆ ಮಾತ್ರ ಅನ್ನೋ ಮಾತಿಗೆ
ಕೆಲಸ ಬಿಟ್ಟು, ಕುರ್ಚಿ ಎಳೆದು ಕೂತೆ.

ಬೇರೆ ಬ್ಯಾಂಕಿನ ಬಾಕಿ ನಮ್ಮ ಕಾರ್ಡಿಗೆ ತನ್ನಿ,
ಬಡ್ಡಿ ಸೊನ್ನೆ.
ಆ ಸೊನ್ನೆ ಎಷ್ಟು ದೊಡ್ಡದಿತ್ತು ಅಂದರೆ
ಮೇಲೆ ಟೀ ಲೋಟ ಇಡಬಹುದಿತ್ತು.
ಇಟ್ಟೆ ಕೂಡ. ಗುರುತು ಈಗಲೂ ಐತೆ.

ಫೋನಿನಲ್ಲಿ ಒಂದು ಹುಡುಗಿ. ಮೇಡಂ ಅಂದಳು.
ಈ ಓಣಿಯಲ್ಲಿ ನನ್ನ ಯಾರೂ ಹಂಗೆ ಕರೆದಿಲ್ಲ.
ಅವಳ ಹಿಂದೆ ನೂರು ದನಿ, ಮೇಡಂ, ಸಾರ್, ಮೇಡಂ,
ನಮ್ಮ ಶೆಡ್ಡಿನ ಮಷಿನ್ನುಗಳ ಹಾಗೆ.
ಅವಳಿಗೂ ಡಜನ್ನಿಗೆ ಇಷ್ಟು ಅಂತ ಇರಬೇಕು.
'ಪೂರಾ ಸೊನ್ನೇನಾ, ತಾಯಿ?'
'ಪೂರಾ, ಮೇಡಂ.'
ಮೂವತ್ತೆಂಟು ಸಾವಿರವನ್ನ
ಈ ತೊಟ್ಟಿಲಿಂದ ಎತ್ತಿ ಆ ತೊಟ್ಟಿಲಿಗೆ ಹಾಕಿದೆ,
ಎಚ್ಚರ ಆಗದ ಹಾಗೆ, ಮೆಲ್ಲಗೆ.

ಮುಂದಿನ ತಿಂಗಳೇ ಎಚ್ಚರಾಯಿತು.
ವರ್ಗಾಯಿಸಿದ್ದಕ್ಕೆ ಶುಲ್ಕ. ಶುಲ್ಕದ ಮೇಲೆ ತೆರಿಗೆ.
ಸೊನ್ನೆಗೆ ಮೂರೇ ತಿಂಗಳ ಆಯುಸ್ಸು.
ಆಮೇಲೆ ತಂದ ಜಿಪ್ಪು, ದಾರ, ತಾಮ್ರದ ರಿವೆಟ್ಟು,
ಎಲ್ಲಕ್ಕೂ ತಂದ ದಿನದಿಂದಲೇ ಬಡ್ಡಿ.
ನಾನು ಕಟ್ಟಿದ ರೊಕ್ಕ
ಬೆಂಕಿ ಇಲ್ಲದ ಮನೆಗೆ ಮೊದಲು ನೀರು ಹೊತ್ತಿತು,
ಉರಿಯೋ ಮನೆ ಉರೀತಾನೇ ಇತ್ತು.
ಕಟಿಂಗ್ ಮಾಸ್ಟರ್ ಗಾದಿಲಿಂಗ ಮೂರು ಸಲ ಕೂಡಿಸಿದ,
ಮೂರು ಸಲ ಮೂರು ಉತ್ತರ.
'ಅಕ್ಕಾ, ಇದು ಬಟ್ಟೆ ಲೆಕ್ಕ ಅಲ್ಲ'
ಅಂತ ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡ.

ಶನಿವಾರ, ರಾಯಲ್ ಸರ್ಕಲ್ ಹತ್ತಿರದ ಬ್ರಾಂಚು.
ಎಳೇ ಹುಡುಗ. ಒಳ್ಳೇವನೇ, ನೀರು ಕೊಟ್ಟ.
ಕಾಗದ ತಿರುವಿ ತಳದಲ್ಲಿ ಬೆರಳಿಟ್ಟ.
'ಎಲ್ಲಾ ಬರೆದೈತಲ್ಲಮ್ಮ. ನೀವೇ ನೋಡಿಲ್ಲ.'
ಬರೆದಿತ್ತು.
ಮೇಲೆ ಕನ್ನಡ, ಕೆಳಗೆ ಇಂಗ್ಲಿಷು,
ಮೇಲೆ ಲೋಟದಷ್ಟು, ಕೆಳಗೆ ಇರುವೆಯಷ್ಟು.
ಕತ್ತಲಲ್ಲೂ ಸೂಜಿಗೆ ದಾರ ಪೋಣಿಸೋ ಕಣ್ಣು ನಂದು.
ಇರುವೆ ಕಂಡವು. ಎಲ್ಲಿಗೆ ಹೊರಟಾವೆ ಅಂತ ಕಾಣಲಿಲ್ಲ.

ಅವನು ಎದ್ದು ನಿಂತಾಗ ನೋಡಿದೆ,
ಜೀನ್ಸು. ನಮ್ಮೂರದೇ.
'ಸಾರ್, ನಿಮ್ಮ ಪ್ಯಾಂಟಿಗೆ ಜೇಬು ಎಷ್ಟು?'
ನಕ್ಕ. ಹಿಂದೆ ಮುಟ್ಟಿಕೊಂಡ, ಮುಂದೆ ಮುಟ್ಟಿಕೊಂಡ.
'ನಾಲ್ಕು.'
ನಾನು ತಿದ್ದಲಿಲ್ಲ.
ಹೊಲಿಗೆ ನೀಟಾಗಿತ್ತು. ಯಾರ ಕೈಯೋ.

ಈ ತಿಂಗಳು ಇನ್ನೊಂದು ಲಕೋಟೆ.
ಮತ್ತೆ ನನ್ನ ಹೆಸರು, ಮತ್ತೆ ತಪ್ಪಿಲ್ಲ.
ಹರಿಯೋಣ ಅಂದೆ, ಹರಿಯಲಿಲ್ಲ, ಅಷ್ಟು ಗಟ್ಟಿ.
ಗಾದಿಲಿಂಗನ ಕತ್ತರಿ ಇಸಕೊಂಡು
ತಳದ ಸಣ್ಣಕ್ಷರದ ತುಂಡನ್ನು ಕತ್ತರಿಸಿದೆ.
ಎರಡೂಮುಕ್ಕಾಲು ಅಗಲ, ಮೂರು ಎತ್ತರ,
ಹೊಲಿಗೆಗೆ ಕಾಲಿಂಚು ಬಿಟ್ಟು.
ಹೊಸದಾಗಿ ಸೇರಿದ ಮಾರೆಕ್ಕನ ಮುಂದಿಟ್ಟು
ಸೀಮೆಸುಣ್ಣ ಕೊಟ್ಟೆ.
ಅಚ್ಚಿನ ಸುತ್ತ ಗೆರೆ ಎಳೆಯುತ್ತ ಕೇಳಿದಳು,
'ಇಷ್ಟು ಸಣ್ಣದರಾಗೆ ಏನು ಇಡ್ತಾರಕ್ಕಾ?'

ಅಷ್ಟರಲ್ಲಿ ಕರೆಂಟು ಬಂತು.
ನಾಲ್ಕೂ ಮಷಿನ್ನು ಒಟ್ಟಿಗೆ ಶುರುವಾದವು.
ಕಂತು ಇನ್ನೂ ಹದಿನಾಲ್ಕು.