ನಾಲ್ಕನೆಯ ಗಾಲಿ

ನಾರ್ಥಂಬರ್ಲೆಂಡಿನ ಕಡಲ ಗಾಳಿಗೆ
ಬಾಗಿಲು ಸರಿಯಾಗಿ ಮುಚ್ಚದ ಅಂಚೆಮನೆ ನನ್ನದು.
ಹೆಸರು ಕೆಟೂರಾ ಬ್ಲೇಡನ್. ಗಂಡ ತೀರಿದ ಮೇಲೆ
ಮುದ್ರೆ, ಮಸಿ, ತಕ್ಕಡಿ ನನ್ನ ಪಾಲಿಗೆ ಬಂದವು.

ಡಾರ್ಲಿಂಗ್ಟನ್ನಿನಿಂದ ತಿಂಗಳಿಗೊಂದು ಬರುತ್ತಿತ್ತು
ಜೇಬೆಜ್ ಹಾರ್ಬಾಟಲ್‌ಗೆ. ಒಳಗಿನ ಕಾಗದ ಬಡಕಲು,
ಲಕೋಟೆಯ ಮೇಲೆ ಮಾತ್ರ ಹಬ್ಬದೂಟ:
ಒಮ್ಮೆ ತಿಮಿಂಗಿಲಕ್ಕೆ ಚಿಮಣಿ ಕಟ್ಟಿ
ಬೆನ್ನ ಮೇಲೆ ಹನ್ನೆರಡು ಮಂದಿ ಕೊಡೆ ಬಿಚ್ಚಿ ಕೂತಿದ್ದರು;
ಒಮ್ಮೆ ಬಲೂನಿನ ಬುಟ್ಟಿಯಲ್ಲಿ ಪಾದ್ರಿ ಮತ್ತು ಹಂದಿ,
ಕೆಳಗೆ ತೂಗುವ ಲಂಗರಿಗೆ ಸಿಕ್ಕಿ ಯಾರದೋ ವಿಗ್ಗು.
ವಿಳಾಸವೇ ಹಳಿ, ನಮ್ಮೂರ ಹೆಸರೇ ಸುರಂಗ.
ಕೆಂಪು ಪೆನ್ನಿ ಚೀಟಿಯ ರಾಣಿಯಮ್ಮನನ್ನು
ಮೂರನೇ ದರ್ಜೆಯ ಕಿಟಕಿಯಲ್ಲಿ ಕೂರಿಸಿದ್ದ, ಪೋಕರಿ.

ಬರೆಯುವವನು ಅಣ್ಣನ ಮಗ, ರೈಲು ಕಾರ್ಖಾನೆಯ ನಕ್ಷೆಗಾರ.
ಓದುವವನು, ಆ ರೈಲು ಬಂದ ವರುಷವೇ
ಕೈಯಿಂದ ಲಗಾಮು ಜಾರಿದ
ಟಪಾಲು ಸಾರೋಟಿನ ಸಾರಥಿ.
ಜೇಬೆಜ್ ನಗುವವನಲ್ಲ. ಲಕೋಟೆಯನ್ನು ದೂರ ಹಿಡಿದು
ಕುದುರೆಯ ಹಲ್ಲು ನೋಡುವವನಂತೆ ನೋಡಿ,
"ಹ್ಞೂಂ" ಎಂದು ಟೋಪಿಯೊಳಗಿಟ್ಟು ಹೊರಡುವನು.

ಆ ಫೆಬ್ರವರಿಯದು ಬೇರೆ. ಡಬ್ಬಿಯ ತುಂಬ ಜನ,
ಛಾವಣಿಯ ಮೇಲೆ ಕಹಳೆ ಊದುವ ಬಾತುಕೋಳಿ,
ಗಾಲಿ ಮಾತ್ರ ಮೂರೇ.
ನಾಲ್ಕನೆಯ ಜಾಗ ಖಾಲಿ.
ನಕ್ಷೆಗಾರ ಗಾಲಿ ಮರೆಯುವುದುಂಟೆ?
ನನ್ನ ಕೈಯಲ್ಲಿ ಗುಂಡನೆಯ ಮುದ್ರೆ. ಮಸಿ ಹಸಿ.
ತಲುಪಿದ ಮುದ್ರೆ ಬೆನ್ನಿಗೆ ಬೀಳಬೇಕು, ಅದು ಕಾನೂನು.
ಕಾನೂನು ಬರೆದವರು ಲಂಡನ್ನಿನಲ್ಲಿದ್ದರು,
ಇಲ್ಲಿ ನಾನೊಬ್ಬಳೇ.
ಠಪ್.

ಊರು, ತಾರೀಖು ಸುತ್ತ ಹೊತ್ತ ಗಾಲಿ,
ತುಸು ಓರೆ. ಓಡುತ್ತಿರುವುದಕ್ಕೇ ಓರೆ, ಅಂದುಕೊಂಡೆ.

ಜೇಬೆಜ್ ಬಂದ. ನೋಡಿದ. ಎಣಿಸಿದ.
"ಇದೊಂದು ಅವನದಲ್ಲ."
ನಾನು ತಕ್ಕಡಿ ಒರೆಸುತ್ತಿದ್ದೆ, ಒರೆಸಿದ್ದನ್ನೇ.
"ಅಚ್ಚು ಸಡಿಲ. ಇಳಿಜಾರಿನಲ್ಲಿ ಕಳಚೀತು"
ಅಂದ. ಕೆಮ್ಮಿದ.
ಕೆಮ್ಮಲ್ಲ ಅದು.

ಮರುವಾರ ತಾನೇ ಒಂದು ಲಕೋಟೆ ತಂದು ಚಾಚಿದ,
ಡಾರ್ಲಿಂಗ್ಟನ್ನಿಗೆ. ಇದ್ದಿಲಲ್ಲಿ ಬರೆದ ಸಾರೋಟು,
ರೈಲಿಗಿಂತ ಎರಡು ಮಾರು ಮುಂದೆ;
ಕುದುರೆಗೆ ಕಾಲು ಐದು.
"ಐದೇ?" ಎಂದೆ.
"ಗುಡ್ಡ ಹತ್ತುವುದಕ್ಕೊಂದು ಹೆಚ್ಚುವರಿ" ಎಂದವನು
ಬೇರಿನಂಥ ಬೆರಳಿಟ್ಟು ತೋರಿದ:
ಹಿಂದಿನ ಗಾಲಿಯ ಜಾಗ ಬೋಳು.
"ಭದ್ರವಾಗಿ ಒತ್ತು ತಾಯಿ.
ಒಂದು ಪೆನ್ನಿ ಬಾಡಿಗೆ ಕೊಟ್ಟಿದ್ದೇನೆ."