ಹತ್ತು ಗಂಟೆಯ ಹಾಲು

ಪರೇಲಿನ ಲ್ಯಾಬು, ರಾತ್ರಿ ಮೂರೂವರೆ.
ಪರದೆಯ ಮೇಲೆ ಚುಕ್ಕೆಗಳು, ಒಂದೊಂದೂ ಒಂದು ಬಿಳಿ ಕಣ.
ಅದರ ಮೈಮೇಲಿನ ಕೊಕ್ಕೆಗೆ ಪುಸ್ತಕದಲ್ಲಿ ಗ್ರಾಹಕ ಎಂದು ಹೆಸರು;
ಹೋಟೆಲಿನಲ್ಲಿ ಬೆಳೆದ ನನಗೆ ಈಗಲೂ ನಗು.

ನನ್ನ ಮಟ್ಟಿಗೆ ಅದು ನಮ್ಮ ಚಾಳಿನ ಗೋದೂಬಾಯಿ.
ಮೂರನೇ ಮಾಳಿಗೆ ಗುಡಿಸುವಾಗ
ಹೆಸರು ಕೇಳಿದವಳಲ್ಲ, ಬಾಗಿಲು ನೋಡಿದವಳು.
ಹತ್ತಾದರೂ ಚಿಲಕದಲ್ಲಿ ಹಾಲಿನ ಚೀಲ ತೂಗುತ್ತಿದ್ದರೆ
ಯಾರ ಅಪ್ಪಣೆಗೂ ಕಾಯದೆ ಕದ ಬಡಿಯುತ್ತಿದ್ದಳು.
ಇಪ್ಪತ್ತೇಳರ ಸಾಲಿಯಾನ್ ಉಳಿದದ್ದು ಹಾಗೆ.

ಹೋಲಿಕೆ ಇಲ್ಲಿ ಮುರಿಯುತ್ತದೆ.
ಕಣ ಬದುಕಿಸಲು ಬರುವುದಿಲ್ಲ;
ಸಂಕಟದ ಗುರುತು ಕೊಕ್ಕೆಗೆ ಸಿಕ್ಕರೆ
ಆ ಕೋಣೆಯನ್ನೇ ಕೆಡವುತ್ತದೆ,
ಚಾಳು ಉಳಿಯಲೆಂದು.

ಇಂದಿನ ರಕ್ತ ಹದಿನಾರನೇ ವಾರ್ಡಿನದು.
ಗಡ್ಡೆ ಬಲು ಚಾಲಾಕಿ:
ತನ್ನ ಬಾಗಿಲ ಚೀಲಗಳನ್ನು ತಾನೇ ಕತ್ತರಿಸಿ
ಓಣಿತುಂಬ ಎಸೆದಿದೆ.
ಎಲ್ಲೆಲ್ಲೂ ಹಾಲು, ಕದ ಮಾತ್ರ ಚೊಕ್ಕ.
ಗೋದೂಬಾಯಿ ಬಗ್ಗಿ ಬಗ್ಗಿ ಹೆಕ್ಕಿ
ಕೈಸೋತು ಕೂತಿದ್ದಾಳೆ.
ಪರದೆಯಲ್ಲಿ ಚುಕ್ಕೆಗಳ ಮೋಡ ಎಡಕ್ಕೆ ಜಾರಿದೆ.

ಸಂಖ್ಯೆ ಬರೆದು ಸಹಿ ಹಾಕಿದೆ. ಹೆಸರು ಓದಲಿಲ್ಲ.
ಮೊದಲ ಲೋಕಲ್ಲಿಗೆ ಇನ್ನೂ ಹೊತ್ತಿದೆ.
ಕೆಳಗೆ ರಸ್ತೆಯಲ್ಲಿ ಟೆಂಪೋ ನಿಂತ ಸದ್ದು,
ಹಾಲಿನ ಕ್ರೇಟುಗಳು, ಒಂದರ ಮೇಲೊಂದು.