ಅರ್ಧ ಬನ್ನು

ಮಂಡ್ಯದಲ್ಲಾದರೆ ಯಾರಾದರೂ ನೋಡುತ್ತಾರೆಂದು
ಬೆಳಗಿನ ಪ್ಯಾಸೆಂಜರ್ ಹತ್ತಿ ಮೈಸೂರಿಗೆ ಬಂದೆ.
ಪಟ್ಟಣದ ಸೇತುವೆ ಮೇಲೆ ಎದುರಿನವರು ಹೊಳೆಗೆ ಕಾಸೆಸೆದು ಕೈಮುಗಿದರು.
ನಾನು ಹೊಳೆಯನ್ನು ಬೇರೆ ಥರ ನೋಡಿದೆ.
ಆಮೇಲೆ ಮುಖ ತಿರುಗಿಸಿಕೊಂಡೆ.

ನಾಲ್ಕು ತಿಂಗಳಾಯಿತು.
ಅಳು ಅಲ್ಲ ಇದು. ಅಳು ಬಂದಿದ್ದರೆ ಪಾಯಸ ಮಾಡುತ್ತಿದ್ದೆ.
ಬಾಚಣಿಗೆ ಎತ್ತಿದರೆ ಒರಳುಕಲ್ಲು ಎತ್ತಿದ ಹಾಗೆ.
ಹುಟ್ಟಿದಾಗಿನಿಂದ ಮೂಗಲ್ಲೇ ಇದ್ದ
ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಕೂಡ
ಯಾವಾಗಲೋ ಎದ್ದು ಹೋಗಿತ್ತು.

ಸ್ತ್ರೀ ಸಮಾಜದವರು ಬಂದಿದ್ದರು.
"ಗುಪ್ತ ಪಾಪ ಏನಾದರೂ ಇದೆಯಾ ನೋಡ್ಕೊಳ್ಳಮ್ಮ."
ನೋಡಿಕೊಂಡೆ. ಟ್ರಂಕು ಕೊಡವಿದ ಹಾಗೆ ಕೊಡವಿದೆ.
ಸಣ್ಣಪುಟ್ಟವು ಉದುರಿದವು;
ಇಷ್ಟು ಭಾರದ್ದು ಒಂದೂ ಇರಲಿಲ್ಲ.
ಬೂದಿಯಲ್ಲಿ ಕೂತ ಆ ಹುಣ್ಣಿನ ಮೈಯವನ ಗೆಳೆಯರು
ಏಳು ಹಗಲು ಏಳು ರಾತ್ರಿ ಸುಮ್ಮನೆ ನೆಲಕ್ಕೆ ಕೂತಿದ್ದರಂತೆ,
ಆಮೇಲೆ ಬಾಯಿ ತೆರೆದೇ ಕೆಟ್ಟರು.
ನಮ್ಮವರು ಕಾಫಿ ಬರುವ ತನಕವೂ ತಡೆಯಲಿಲ್ಲ.

ದೊಡ್ಡಾಸ್ಪತ್ರೆ. ಟೋಕನ್ ಮೂವತ್ತೊಂದು.
"ಮಾನಸಿಕದೋರು ಈ ಕಡೆ, ಕಣ್ಣಿನೋರು ಆ ಕಡೆ!"
ಜವಾನನ ಕೂಗಿಗೆ ಸೆರಗು ಎಳೆದುಕೊಂಡು ಬೆಂಚಿನ ತುದಿಗೆ ಸರಿದರೆ
ಅಲ್ಲಿ, ಏಪ್ರಿಲ್ ತಿಂಗಳಲ್ಲಿ, ಮಂಕಿ ಟೋಪಿಯೊಳಗೆ
ನಮ್ಮ ಪ್ರಭುಕುಮಾರ ಅಯ್ಯನವರು.
ಮೊನ್ನೆ ಭಾನುವಾರವಷ್ಟೇ ಸಂತೋಷದ ಮೇಲೆ
ನಲವತ್ತು ನಿಮಿಷ ಪ್ರಸಂಗ ಮಾಡಿದವರು.
ಕೈಯಲ್ಲಿ ಚೀಟಿ. ಮಡಿಕೆ ಸವೆದು ಬಟ್ಟೆಯಾಗಿದೆ.
ವರ್ಷಗಳದ್ದು.

ಅವರು ನನ್ನ ನೋಡಿದರು. ನಾನು ಟೋಪಿ ನೋಡಿದೆ.
ವಾಕ್ಯ ಹೇಳುತ್ತಾರೇನೋ ಎಂದು ಕಾದೆ.
"ಮೊದಲೆರಡು ವಾರ ಬಾಯಿ ಒಣಗುತ್ತೆ," ಅಂದರು,
"ಬಿಡಬೇಡಿ."
ಆಮೇಲೆ ಒಂದು ಗಂಟೆ
ಇಬ್ಬರೂ ಎದುರು ಗೋಡೆಯ ಪೋಲಿಯೋ ಚಿತ್ರ ಓದಿದೆವು.

ಒಳಗೆ ಡಾಕ್ಟರಮ್ಮ, ನನ್ನ ಮಗಳ ವಯಸ್ಸು,
ಪಾಪ ಕೇಳಲಿಲ್ಲ. ನಿದ್ದೆ ಕೇಳಿದಳು.
ಥೈರಾಯ್ಡಿಗೆ ರಕ್ತ ಬರೆದಳು.
"ಸಾಯಬೇಕು ಅನಿಸಿದೆಯಾ?" ಎಂದಳು
ಊಟ ಆಯಿತಾ ಎನ್ನುವ ದನಿಯಲ್ಲೇ.
ಸೇತುವೆ, ಎಂದೆ.
ಬೆಚ್ಚಲಿಲ್ಲ. ಬರೆದುಕೊಂಡಳು.
ಅಷ್ಟು ದಿನಕ್ಕೆ ಮೊದಲ ಸಲ ಅದು
ನನ್ನ ಹೊರಗೆ, ಒಂದು ಕಾಗದದ ಮೇಲೆ ಇತ್ತು.

ಹೊರಗೆ ಅಯ್ಯನವರು.
ಅವರದು ಯಾವಾಗಲೋ ಮುಗಿದಿತ್ತು, ಹೋಗಿರಲಿಲ್ಲ.
ಪೊಟ್ಟಣದಿಂದ ಬೆಣ್ಣೆ ಬನ್ನು ತೆಗೆದು ಮುರಿದರು.
ಮುರಿಯುವ ಅಭ್ಯಾಸದ ಕೈ, ಇವತ್ತು ಸ್ವಲ್ಪ ನಡುಗಿತು.
"ಖಾಲಿ ಹೊಟ್ಟೆಗೆ ಗುಳಿಗೆ ಬೇಡ. ತಿನ್ನಿ.
ಗಾಡಿಗೆ ಇನ್ನೂ ಹೊತ್ತಿದೆ."

ಬನ್ನಿಗೆ ರುಚಿ ಇರಲಿಲ್ಲ.
ತಿಂದೆ.